ಗ್ರಾನೈಟ್ ಗುಡ್ಡ, ಬಳ್ಳಾರಿ ಜಾಲಿ, ಒಂದು ಜೊತೆ ಶೂ

ಹಿರೇಬೆಣಕಲ್ಲಿನ ಮೋರೇರ ಬೆಟ್ಟವನ್ನು ಹತ್ತುವಾಗ ನನಗೆ ಏನೂ ಆಗಲಿಲ್ಲ. ಆದದ್ದೆಲ್ಲ ಇಳಿಯುವಾಗ. ಬೆಳಗಿನ ಒಂಬತ್ತೂವರೆ, ದೂರದಲ್ಲಿ ಗಂಗಾವತಿ ಕಡೆಯ ಭತ್ತದ ಗದ್ದೆಗಳ ಹಸಿರು, ಕಾಲ ಕೆಳಗೆ ಅಂಗಳದಷ್ಟು ಅಗಲದ ಇಳಿಜಾರು ಬಂಡೆ. ಬಂಡೆಯ ಮೇಲೆ ರವೆ ಚೆಲ್ಲಿದಂತೆ ಬಿದ್ದಿದ್ದ ಗರಸನ್ನು ನಾನು ಗಮನಿಸಲಿಲ್ಲ. ಮರುಕ್ಷಣ ಕುಳಿತಿದ್ದೆ. ನಾನಾಗಿ ಕುಳಿತದ್ದಲ್ಲ, ಬಂಡೆಯೇ ಕೂರಿಸಿತು. ಅಂಗೈ ತರಚಿತು, ಪ್ಯಾಂಟಿನ ಹಿಂಭಾಗ ಹರಿಯಿತು, ಮಾನದ ವಿಷಯ ಬೇರೆ.

ನನ್ನ ಕಾಲಲ್ಲಿದ್ದದ್ದು ಮೈದಾನದಲ್ಲಿ ಸುತ್ತು ಹಾಕುವ ವಾಕಿಂಗ್ ಶೂ. ಮೆತ್ತಗೆ, ಹಗುರ, ಬಳ್ಳಾರಿಯಲ್ಲಿ ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು. ಅದೇ ಹೊತ್ತಿಗೆ ಕುರಿ ಕಾಯುವ ಹಿರಿಯರೊಬ್ಬರು ಟೈರಿನ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು, ಹೆಗಲ ಮೇಲೆ ಮರಿಯೊಂದನ್ನು ಹೊತ್ತು, ಅದೇ ಬಂಡೆಯನ್ನು ಮನೆಯ ಮೆಟ್ಟಿಲಿಳಿದಂತೆ ಇಳಿದು ಬಂದರು. ನನ್ನನ್ನು ನೋಡಿ ನಿಂತು, "ಬೂಟಿನ ತಪ್ಪಲ್ಲ ತಮ್ಮಾ, ನೀನು ಹಿಂದಕ್ಕೆ ವಾಲಿದೆ" ಎಂದರು. ಆ ಮಾತು ಅರ್ಧ ಸತ್ಯ. ಉಳಿದರ್ಧ ತಿಳಿಯಲು ನನಗೆ ಒಂದೂವರೆ ವರ್ಷ, ಎರಡು ಜೊತೆ ಶೂ ಮತ್ತು ಎರಡು ಕಪ್ಪಾದ ಉಗುರುಗಳು ಬೇಕಾದವು.

ಈಗ ಗುಡ್ಡ ಹತ್ತುವ ನಮ್ಮ ಗುಂಪಿಗೆ ಹೊಸದಾಗಿ ಸೇರುವವರೆಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವ ಶೂ ತೆಗೆದುಕೊಳ್ಳಲಿ?" ಉತ್ತರವಾಗಿ ಯಾರಾದರೂ ಒಂದು ಕಂಪನಿಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅದನ್ನು ಬೈಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಗುಡ್ಡಕ್ಕೆ? ಅಂಗಡಿಯ ಗೋಡೆಯ ಚಿತ್ರದಲ್ಲಿ ಹಿಮ, ಹೊಳೆ, ಪೈನ್ ಮರಗಳಿರುತ್ತವೆ. ಆ ಶೂ ಆ ಗುಡ್ಡದ ಉತ್ತರ. ನಮ್ಮ ಗುಡ್ಡ ಕೇಳುವ ಪ್ರಶ್ನೆಯೇ ಬೇರೆ.

ಕಾಲ ಕೆಳಗೆ ಏನಿದೆ

ಆನೆಗೊಂದಿ, ಹಂಪಿ ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಒಂದರ ಮೇಲೊಂದು ಕೂತ ಗುಂಡುಗಳನ್ನು ನೋಡಿ ಯಾರೋ ಎತ್ತಿಟ್ಟಿದ್ದಾರೆ ಎನ್ನಿಸುತ್ತದೆ. ಯಾರೂ ಎತ್ತಿಟ್ಟಿಲ್ಲ. ಬಂಡೆ ಇನ್ನೂ ನೆಲದೊಳಗೆ ಇದ್ದಾಗಲೇ ಅದರ ಬಿರುಕುಗಳಲ್ಲಿ ನೀರು ಇಳಿಯಿತು. ಚೌಕಾಕಾರದ ತುಂಡಿನ ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಮಧ್ಯಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಬೇಗ ಕೊಳೆತು ತುಂಡು ದುಂಡಾಯಿತು. ಕಾಲಾಂತರದಲ್ಲಿ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಗುಂಡುಗಳು ಇದ್ದಲ್ಲೇ ಉಳಿದವು.

ಶೂ ಕೊಳ್ಳುವವನಿಗೆ ಈ ಕಥೆ ಯಾಕೆ ಬೇಕು ಎಂದರೆ, ಆ ಕೊಳೆಯುವಿಕೆ ಇವತ್ತಿಗೂ ನಿಂತಿಲ್ಲ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ನಿಧಾನವಾಗಿ ಜೇಡಿಯಾಗುತ್ತದೆ, ಸ್ಫಟಿಕದ ಕಾಳುಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಹಿಡಿತ ಕಳೆದುಕೊಂಡ ಆ ಕಾಳುಗಳೇ ಗರಸು. ಒಂದೇ ಕಲ್ಲಿಗೆ ಹೀಗೆ ಎರಡು ಸ್ವಭಾವ. ಬರಿಯ ಬಂಡೆ ಮರಳುಕಾಗದದಂತೆ ಹಿಡಿಯುತ್ತದೆ. ಒಣಗಿದ ಗ್ರಾನೈಟಿನ ಮೇಲೆ ನಿಂತಷ್ಟು ಭದ್ರವಾಗಿ ಮೊಸಾಯಿಕ್ ನೆಲದ ಮೇಲೂ ನಿಲ್ಲಲಾಗದು. ಆದರೆ ಅದೇ ಬಂಡೆಯ ಮೇಲೆ ಒಂದು ಹಿಡಿ ಗರಸು ಬಿದ್ದಿದ್ದರೆ ಸಾಸಿವೆ ಕಾಳಿನ ಮೇಲೆ ಕಾಲಿಟ್ಟ ಹಾಗೆ. ಬಳ್ಳಾರಿ ಕೋಟೆಯ ಗುಡ್ಡ, ಸಂಗನಕಲ್ಲು, ಕೊಪ್ಪಳದ ಗವಿಮಠದ ಗುಡ್ಡ, ಮಸ್ಕಿಯ ದುರ್ಗದ ಗುಡ್ಡ, ಮುದಗಲ್ಲು, ಎಲ್ಲ ಕಡೆಯೂ ಸ್ವಲ್ಪ ಹೆಚ್ಚುಕಡಿಮೆ ಇದೇ ಆಟ.

ಸಂಡೂರು ಮಾತ್ರ ಬೇರೆ ಜಾತಿಯದು. ಅಲ್ಲಿ ಕಬ್ಬಿಣದ ಅದಿರಿನ ಪದರಗಲ್ಲು, ಕೆಂಪು ಮಣ್ಣು, ಹುಲ್ಲು, ಕಾಡು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಹೋದವರು ಕುಮಾರಸ್ವಾಮಿ ದೇವಸ್ಥಾನದ ಸುತ್ತಲಿನ ಹಸಿರಿನ ಚಿತ್ರ ತರುತ್ತಾರೆ, ಜೊತೆಗೆ ಮೊಣಕಾಲಿನವರೆಗೆ ಕೆಂಪು ಕೆಸರನ್ನೂ ತರುತ್ತಾರೆ. ಇನ್ನು ರಾಯಚೂರು ಸೀಮೆಯಲ್ಲಿ ಗುಡ್ಡ ಮುಟ್ಟುವ ಮೊದಲು ಎಷ್ಟೋ ಕಡೆ ಎರೆ ಹೊಲ ದಾಟಬೇಕು. ಒಣಗಿದ್ದಾಗ ಅದರ ಬಿರುಕಿನಲ್ಲಿ ಕಾಲು ಸಿಕ್ಕಿಬೀಳುತ್ತದೆ. ಒಂದು ಮಳೆ ಬಿದ್ದರೆ ನೀರು ಕುಡಿದು ಉಬ್ಬಿದ ಆ ಮಣ್ಣು ಅಟ್ಟೆಗೆ ಮೆತ್ತಿಕೊಂಡು ಪ್ರತಿ ಹೆಜ್ಜೆಗೂ ಒಂದೊಂದು ಪಾವು ತೂಕ ಸೇರಿಸುತ್ತದೆ.

ಅಟ್ಟೆಯ ಲೆಕ್ಕ

1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ವಿಟಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಸಂಗಾತಿಗಳು ತೀರಿಕೊಂಡರು. ಆ ಹವೆಗೂ ಆ ಬಂಡೆಗೂ ತಕ್ಕ ಪಾದರಕ್ಷೆ ಅವರ ಕಾಲಲ್ಲಿ ಇರಲಿಲ್ಲ ಎಂಬುದು ಆತನನ್ನು ಕಾಡಿತು. ಟೈರ್ ತಯಾರಿಸುವ ಪಿರೆಲ್ಲಿ ಕಂಪನಿಯ ಬೆಂಬಲದಿಂದ 1937ರಲ್ಲಿ ಆತ ಹಲ್ಲುಗಳಿರುವ ರಬ್ಬರ್ ಅಟ್ಟೆಯೊಂದನ್ನು ಹೊರತಂದ. ಅವನ ಹೆಸರನ್ನೇ ಮಡಿಚಿ ಮಾಡಿದ ವಿಬ್ರಂ ಎಂಬ ಹಳದಿ ಗುರುತು ಇವತ್ತಿಗೂ ದುಬಾರಿ ಶೂಗಳ ಅಡಿಯಲ್ಲಿ ಕಾಣುತ್ತದೆ. ಅಂದರೆ ಬೆಟ್ಟದ ಶೂವಿನ ರಬ್ಬರಿಗೂ ಟೈರಿಗೂ ಹಳೆಯ ನಂಟಿದೆ. ನಮ್ಮ ಕುರಿಗಾಹಿಯ ಚಪ್ಪಲಿ ಆ ನಂಟನ್ನು ನೇರವಾಗಿಯೇ ಇಟ್ಟುಕೊಂಡಿತ್ತು.

ರಬ್ಬರ್ ಬಂಡೆಯನ್ನು ಹಿಡಿಯುವ ಬಗೆ ಸ್ವಲ್ಪ ವಿಚಿತ್ರ. ಮರ ಅಥವಾ ಕಬ್ಬಿಣ ಬಂಡೆಯ ಮೇಲೆ ಸುಮ್ಮನೆ ಕೂರುತ್ತದೆ. ರಬ್ಬರ್ ಮೈ ತೂಕಕ್ಕೆ ಅಮುಕಿಕೊಂಡು ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿಯುತ್ತದೆ. ಆದ್ದರಿಂದ ಮೆದು ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬಾಳುತ್ತದೆ, ಜಾರುತ್ತದೆ. ಎರಡನ್ನೂ ಒಂದೇ ಶೂವಿನಲ್ಲಿ ಕೊಡುತ್ತೇವೆ ಎನ್ನುವ ಮಾರಾಟಗಾರನ ಮಾತಿಗೆ ತಲೆಯಾಡಿಸಿ ಮುಂದಿನ ಶೂ ನೋಡಿ.

ಹೊಸಬರು ಎಡವುವುದು ಹಲ್ಲುಗಳ ವಿಷಯದಲ್ಲಿ. ಹಲ್ಲು ಆಳವಾಗಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಮಣ್ಣಿನಲ್ಲಿ ಅದು ನಿಜ, ಹಲ್ಲು ನೆಲವನ್ನು ಕಚ್ಚುತ್ತದೆ. ಬಂಡೆಯನ್ನು ಯಾವ ಹಲ್ಲೂ ಕಚ್ಚಲಾರದು. ಅಲ್ಲಿ ಬೇಕಾದದ್ದು ಎಷ್ಟು ರಬ್ಬರ್ ಕಲ್ಲಿಗೆ ತಾಗುತ್ತದೆ ಎಂಬುದು. ದೂರ ದೂರ ನಿಂತ ಎತ್ತರದ ಹಲ್ಲುಗಳಿದ್ದರೆ ತಾಗುವ ಜಾಗ ಕಡಿಮೆ, ಮೇಲಾಗಿ ಹಲ್ಲುಗಳೇ ಬಾಗುತ್ತವೆ. ಆದ್ದರಿಂದ ಆನೆಗೊಂದಿ, ಬಳ್ಳಾರಿ, ಮಸ್ಕಿಯ ಬಂಡೆಗಳಿಗೆ ಮೂರು ನಾಲ್ಕು ಮಿಲಿಮೀಟರಿನ, ಅಗಲ ತಲೆಯ, ಒತ್ತೊತ್ತಾದ ಹಲ್ಲುಗಳು ಸಾಕು. ಹೆಬ್ಬೆರಳಿನ ಕೆಳಗಿನ ಜಾಗ ಸಪಾಟಾಗಿದ್ದರೆ ಇನ್ನೂ ಒಳ್ಳೆಯದು. ಸಂಡೂರಿನ ಮಳೆಗಾಲಕ್ಕೆ ನಾಲ್ಕೈದು ಮಿಲಿಮೀಟರ್ ಬೇಕು. ಎರೆ ಕೆಸರಿಗೆ ಆಳಕ್ಕಿಂತ ಹಲ್ಲುಗಳ ನಡುವಿನ ಅಂತರ ಮುಖ್ಯ, ಇಲ್ಲದಿದ್ದರೆ ಮಣ್ಣು ತುಂಬಿಕೊಂಡು ಅಟ್ಟೆ ಸಪಾಟಾಗಿಬಿಡುತ್ತದೆ. ಮೂರಕ್ಕೂ ಒಂದೇ ಶೂ ಬೇಕೆನ್ನುವವರು, ಅಂದರೆ ನಾವೆಲ್ಲರೂ, ನಾಲ್ಕು ಮಿಲಿಮೀಟರಿಗೆ ರಾಜಿಯಾಗಬಹುದು. ಎರೆ ಹಸಿಯಾಗಿದ್ದ ದಿನ ಮನೆಯಲ್ಲಿರುವುದು ಅದಕ್ಕಿಂತ ಅಗ್ಗದ ಪರಿಹಾರ.

ಈಗ ಆ ಹಿರಿಯರ ಮಾತಿಗೆ ಬರೋಣ. ಇಳಿಜಾರಿನಲ್ಲಿ ಹೆದರಿದವನು ಹಿಂದಕ್ಕೆ ವಾಲುತ್ತಾನೆ; ಅದು ಸಹಜ. ವಾಲಿದ ಕೂಡಲೇ ತೂಕ ಹಿಮ್ಮಡಿಯ ಒಂದು ಅಂಚಿಗೆ ಬರುತ್ತದೆ, ಪಾದ ಮುಂದಕ್ಕೆ ತಳ್ಳಲ್ಪಡುತ್ತದೆ, ತಾಗುವ ರಬ್ಬರ್ ಎರಡು ಬೆರಳಷ್ಟಾಗುತ್ತದೆ. ಮೊಣಕಾಲು ಸ್ವಲ್ಪ ಮಡಿಸಿ, ಸೊಂಟವನ್ನು ಪಾದದ ನೇರಕ್ಕೆ ತಂದು, ಇಡೀ ಅಟ್ಟೆ ಕಲ್ಲಿಗೆ ಕೂರುವಂತೆ ಸಣ್ಣ ಹೆಜ್ಜೆ ಇಟ್ಟರೆ ಅದೇ ಶೂ ನಿಲ್ಲುತ್ತದೆ. ಲೆಕ್ಕ ಬೇಕೆನ್ನುವವರಿಗೆ: ಘರ್ಷಣೆಯ ಗುಣಾಂಕ 0.8 ಇದ್ದರೆ ಸುಮಾರು 38 ಡಿಗ್ರಿ ಇಳಿಜಾರಿನವರೆಗೆ ಪಾದ ಜಾರುವುದಿಲ್ಲ. ಗುಣಾಂಕ ಅರ್ಧವಾದರೆ, ಅಂದರೆ ನಡುವೆ ಗರಸು ಬಂದರೆ, ಅದು 22 ಡಿಗ್ರಿಗಿಳಿಯುತ್ತದೆ. ನಾನು ಕುಳಿತ ಬಂಡೆ ಈ ಎರಡರ ನಡುವೆ ಎಲ್ಲೋ ಇತ್ತು. ವಾಲಿದ್ದು ನನ್ನ ತಪ್ಪು, ಗರಸು ಕಾಣದ್ದೂ ನನ್ನ ತಪ್ಪು, ಸವೆದು ನುಣ್ಣಗಾದ ಅಟ್ಟೆ ಮಾತ್ರ ಶೂವಿನದು. ಹಿರಿಯರು ಹೇಳದೆ ಬಿಟ್ಟದ್ದು ಈ ಕೊನೆಯದನ್ನು.

ಮುಳ್ಳಿನ ಮಾತು

ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯ ಗಿಡವೊಂದು 19ನೇ ಶತಮಾನದಲ್ಲಿ ಭಾರತಕ್ಕೆ ಬಂದು, ಒಣ ನೆಲವನ್ನೆಲ್ಲ ಆಕ್ರಮಿಸಿ, ಕನ್ನಡದಲ್ಲಿ ನಮ್ಮೂರಿನ ಹೆಸರನ್ನೇ ಅಂಟಿಸಿಕೊಂಡು ಕೂತಿದೆ. ಬಳ್ಳಾರಿ ಜಾಲಿಯ ಮುಳ್ಳು ಸೈಕಲ್ ಟೈರನ್ನು ಬಿಡುವುದಿಲ್ಲ, ವಾಕಿಂಗ್ ಶೂವನ್ನು ಬಿಡುತ್ತದೆಯೇ? ಆ ಶೂಗಳ ನಡುವಿನ ಮೆತ್ತನೆಯ ಪದರ ಇವಿಎ ಎಂಬ ನೊರೆಯಿಂದ ಮಾಡಿದ್ದು. ಅದರೊಳಗೆ ಮುಳ್ಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೆಲವೊಮ್ಮೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಮುರಿದ ತುದಿ ಒಳಗೇ ಉಳಿದು ಮೂರು ದಿನದ ನಂತರ ಅಂಗಾಲಿಗೆ ಚುಚ್ಚುತ್ತದೆ.

ಇದಕ್ಕೆ ಮದ್ದು ಎರಡು. ಹೊರ ಅಟ್ಟೆಯ ರಬ್ಬರ್ ಪಾದದ ಉದ್ದಕ್ಕೂ ತುಂಬಿರಬೇಕು. ಹಗುರ ಮಾಡಲೆಂದು ಮಧ್ಯದಲ್ಲಿ ರಬ್ಬರ್ ಕತ್ತರಿಸಿ ನೊರೆಯನ್ನು ಬರಿದಾಗಿ ಬಿಟ್ಟ ಶೂಗಳು ನಮ್ಮ ಕಡೆ ಬೇಡ. ಎರಡನೆಯದು, ಕೆಲವು ಶೂಗಳ ಒಳಗೆ ನೊರೆಗೂ ರಬ್ಬರಿಗೂ ನಡುವೆ ತೆಳುವಾದ ಗಟ್ಟಿ ಹಾಳೆ ಇರುತ್ತದೆ. ಅದನ್ನು ಚೂಪುಗಲ್ಲಿನಿಂದ ರಕ್ಷಣೆಗೆಂದು ಇಟ್ಟಿರುತ್ತಾರೆ. ಮುಳ್ಳಿಗೂ ಅಡ್ಡ ನಿಲ್ಲುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಶೂವಿನ ಎರಡು ತುದಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ. ಹಸಿ ಬಟ್ಟೆಯ ಹಾಗೆ ತಿರುಗಿದರೆ ಕೆಳಗಿಡಿ. ತುದಿಯಿಂದ ಮಡಿಸಿದಾಗ ಬೆರಳುಗಳು ಬಾಗುವ ಜಾಗದಲ್ಲಿ ಬಾಗಬೇಕು, ಮಧ್ಯಕ್ಕೆ ಮಡಿಚಿಕೊಳ್ಳುವ ಶೂ ಬೆಟ್ಟದ್ದಲ್ಲ.

ನೀರು ಬಾರದ ಶೂ, ಎತ್ತರದ ಶೂ

ಬಿದ್ದು ಬಂದ ಸಿಟ್ಟಿನಲ್ಲಿ ನಾನು ಮೊಬೈಲಿನಲ್ಲಿ ತರಿಸಿದ ಮೊದಲ ಜೊತೆ, ಹರಡಿನ ಮೇಲೆ ಬರುವ ಎತ್ತರದ, ನೀರು ಒಳಬಾರದ ಬೂಟು. ಬೆಲೆ ಕೇಳಿದ ಮನೆಯವರು ಎರಡು ದಿನ ಮಾತಾಡಲಿಲ್ಲ. ಫೆಬ್ರುವರಿಯ ಒಂದು ಬೆಳಗ್ಗೆ ಅದನ್ನು ಹಾಕಿ ಮೂರು ಗಂಟೆ ನಡೆದು ಬಿಚ್ಚಿದಾಗ ಸಾಕ್ಸ್ ಹಿಂಡಿದರೆ ನೀರು ಬಂತು. ಹೊರಗಿನ ನೀರಲ್ಲ.

ಜಲನಿರೋಧಕ ಪೊರೆಯ ಕೆಲಸ ಹೀಗೆ: ಅದರಲ್ಲಿ ನೀರಿನ ಹನಿ ತೂರಲಾಗದಷ್ಟು ಸಣ್ಣ, ಆದರೆ ಆವಿ ತೂರಬಹುದಾದಷ್ಟು ದೊಡ್ಡ ರಂಧ್ರಗಳಿರುತ್ತವೆ. ಆವಿ ಹೊರಹೋಗಬೇಕಾದರೆ ಶೂವಿನ ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ, ತೇವವಾಗಿ ಇರಬೇಕು. ಮನಾಲಿಯ ಚಳಿಯಲ್ಲಿ ಈ ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಹೊರಗಿನ ಬಂಡೆಯೇ ಒಲೆಯಂತೆ ಕಾದಿರುವಾಗ ಆವಿಗೆ ಹೊರಡುವ ಒತ್ತಡ ಸಾಲದು, ಪಾದ ಬೆವರುವ ವೇಗವನ್ನು ಪೊರೆ ಮುಟ್ಟಲಾರದು. ಹಳ್ಳ ದಾಟುವಾಗ ಮೇಲಿನಿಂದ ನೀರು ನುಗ್ಗಿದರೆ ಇನ್ನೂ ಮಜಾ, ಹೊರಗೆ ಹೋಗಲು ದಾರಿಯೇ ಇಲ್ಲ, ಬಿಂದಿಗೆ ಕಾಲಿಗೆ ಕಟ್ಟಿಕೊಂಡು ನಡೆದಂತೆ. ಬಳ್ಳಾರಿ, ಕೊಪ್ಪಳ, ರಾಯಚೂರು, ಈ ನಮ್ಮ ಮೂರೂ ಜಿಲ್ಲೆಗಳಿಗೆ ಗಾಳಿಯಾಡುವ ಜಾಲರಿ ಬಟ್ಟೆಯ ಶೂ ಸಾಕು. ಒದ್ದೆಯಾದರೆ ಒಂದು ಗಂಟೆಯಲ್ಲಿ ನಡೆಯುತ್ತಲೇ ಒಣಗುತ್ತದೆ. ಜಾಲರಿ ತೀರಾ ಅಗಲವಾಗಿರಬಾರದು ಅಷ್ಟೆ, ಕೆಂಪು ಧೂಳು ಮತ್ತು ಹುಲ್ಲಿನ ಮುಳ್ಳು ಒಳಗೆ ಬರುತ್ತವೆ. ನಾಲಗೆಯ ಎರಡೂ ಬದಿ ಶೂವಿಗೆ ಹೊಲಿದಿದ್ದರೆ ಗರಸು ಒಳಗೆ ಸೇರುವುದಿಲ್ಲ. ಈ ಒಂದು ಸಣ್ಣ ವಿವರಕ್ಕಾಗಿ ನಾನು ಇನ್ನೂರು ರೂಪಾಯಿ ಹೆಚ್ಚು ಕೊಡಲು ಸಿದ್ಧ.

ಎತ್ತರದ ಬೂಟು ಕಾಲು ಉಳುಕದಂತೆ ಕಾಯುತ್ತದೆ ಎಂಬ ನಂಬಿಕೆಗೆ ಗಟ್ಟಿ ಪುರಾವೆ ಕಡಿಮೆ. ಮೆದುವಾದ ಬಟ್ಟೆಯ ಪಟ್ಟಿ ಎಪ್ಪತ್ತು ಕಿಲೋ ಮೈ ಹೊರಳುವುದನ್ನು ತಡೆಯಲಾರದು. ತಡೆಯುವುದು ಹರಡಿನ ಸುತ್ತಲಿನ ಸ್ನಾಯುಗಳು. ಹಲ್ಲುಜ್ಜುವಾಗ ಒಂದೊಂದು ಕಾಲ ಮೇಲೆ ಒಂದೊಂದು ನಿಮಿಷ ನಿಲ್ಲುವುದು ಅವುಗಳಿಗೆ ಒಳ್ಳೆಯ ಸಾಧನೆ, ಖರ್ಚೂ ಇಲ್ಲ. ಇನ್ನು ತೂಕ. ಓಟಗಾರರ ಮೇಲೆ ನಡೆದ ಪ್ರಯೋಗಗಳಲ್ಲಿ ಪ್ರತಿ ಶೂವಿಗೆ 100 ಗ್ರಾಂ ಹೆಚ್ಚಿದರೆ ಶಕ್ತಿಯ ಖರ್ಚು ಸುಮಾರು ಶೇ 1ರಷ್ಟು ಏರುತ್ತದೆ ಎಂದು ಕಂಡಿದೆ. ಒಂದು ಹೆಜ್ಜೆಗೆ ಅದು ಏನೂ ಅಲ್ಲ. ಹತ್ತು ಸಾವಿರ ಹೆಜ್ಜೆಯ ಕೊನೆಗೆ ಕಾಲು ಎತ್ತುವುದನ್ನು ಮರೆತು ಎಡವುವುದು ಆ ಗ್ರಾಂಗಳಿಂದಲೇ. ಎತ್ತರದ ಬೂಟಿಗೆ ಒಂದು ನಿಜವಾದ ಲಾಭವಿದೆ: ಮುಳ್ಳುಕಂಟಿಯ ನಡುವೆ ಕಣಕಾಲು ಗೀಚುವುದಿಲ್ಲ. ಅದಕ್ಕೆ ದಪ್ಪ ಸಾಕ್ಸನ್ನೂ ಹಾಕಬಹುದು.

ಅಂಗಡಿಯಲ್ಲಿ

ಸಂಜೆ ಹೋಗಿ. ದಿನವಿಡೀ ನಿಂತು ನಡೆದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ, ಬೆಟ್ಟದ ಮೇಲೂ ಹಾಗೆಯೇ ಊದುತ್ತದೆ. ನಡೆಯುವಾಗ ಹಾಕುವ ಸಾಕ್ಸನ್ನೇ ಜೇಬಿನಲ್ಲಿ ಒಯ್ಯಿರಿ. ಎರಡೂ ಪಾದ ಅಳೆಸಿ. ಬಹುತೇಕ ಜನರ ಎರಡು ಪಾದಗಳು ಸಮ ಇರುವುದಿಲ್ಲ, ದೊಡ್ಡದಕ್ಕೆ ಕೊಳ್ಳಬೇಕು.

ನಂಬರಿನ ಹಿಂದಿನ ಲೆಕ್ಕ ತಿಳಿದರೆ ಗೊಂದಲ ಕಡಿಮೆ. ನಮ್ಮಲ್ಲಿ ಚಾಲ್ತಿಯಲ್ಲಿರುವುದು ಬ್ರಿಟಿಷ್ ನಂಬರು. ಒಂದು ನಂಬರಿನಿಂದ ಮುಂದಿನದಕ್ಕೆ ಅಂಗುಲದ ಮೂರನೇ ಒಂದು ಭಾಗ, ಅಂದರೆ ಎಂಟೂವರೆ ಮಿಲಿಮೀಟರಿಗೆ ಒಂದಿಷ್ಟು ಕಡಿಮೆ. 41, 42 ಎಂದು ಹೋಗುವ ಯೂರೋಪಿನ ನಂಬರಿನಲ್ಲಿ ಒಂದು ಹೆಜ್ಜೆಗೆ 6.67 ಮಿಲಿಮೀಟರ್. ಎರಡೂ ಉದ್ದವನ್ನಷ್ಟೇ ಹೇಳುತ್ತವೆ, ಅಗಲದ ಬಗ್ಗೆ ಬಾಯಿ ಬಿಡುವುದಿಲ್ಲ. ನಮ್ಮ ಪಾದಗಳ ತೊಂದರೆ ಇರುವುದೇ ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲ ಎಂದು ಕಂಡು, 'ಭ' ಎಂಬ ಹೊಸ ಅಳತೆಯ ಪದ್ಧತಿಯನ್ನು ಸೂಚಿಸಿತು. ಅಗಲ ಸಾಲದೆ ನಾವು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ, ಆಗ ಹಿಮ್ಮಡಿ ಸಡಿಲವಾಗಿ ಗುಳ್ಳೆ ಏಳುತ್ತದೆ. ಅಗಲ ಪಾದದವರು ನಂಬರು ಹೆಚ್ಚಿಸುವ ಬದಲು, ಅಗಲವಾದ ಅಚ್ಚಿನಲ್ಲಿ ಮಾಡಿದ ಶೂ ಇದೆಯೇ ಎಂದು ಕೇಳಬೇಕು.

ಲೇಸು ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಯಬೇಕು, ಎರಡು ಬೆರಳು ಇಳಿಯಬಾರದು. ನಂತರ ಲೇಸು ಬಿಗಿದು ನಿಂತು, ನೆಲಕ್ಕೆ ತುದಿಯಿಂದ ಎರಡು ಮೂರು ಬಾರಿ ಒದೆಯಿರಿ. ಬೆರಳು ಮುಂದಕ್ಕೆ ತಾಗಿದರೆ ಆ ಶೂ ನಿಮ್ಮ ಉಗುರನ್ನು ಉಳಿಸುವುದಿಲ್ಲ. ನನ್ನ ಎರಡು ಉಗುರು ಕಪ್ಪಾದದ್ದು ಹೀಗೆಯೇ: ಇಳಿಯುವ ಪ್ರತಿ ಹೆಜ್ಜೆಗೂ ಬೆರಳು ಶೂವಿನ ಗೋಡೆಗೆ ಬಡಿದು ಬಡಿದು ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿತು. ಸಪಾಟು ನೆಲದ ಮೇಲೆ, ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದರೆ ಇದು ತಿಳಿಯುವುದಿಲ್ಲ. ಅಂಗಡಿಯ ಹುಡುಗ ಹುಬ್ಬೇರಿಸಿದರೂ ಪರವಾಗಿಲ್ಲ, ಹೊರಗಿನ ಇಳಿಜಾರಿನಲ್ಲಿ ಅಥವಾ ಮೆಟ್ಟಿಲಲ್ಲಿ ಹತ್ತು ಬಾರಿ ಇಳಿದು ನೋಡಿ. ನಮ್ಮ ಊರಿನ ಅಂಗಡಿಗಳಿಗೆ ಮೂರು ನಾಲ್ಕು ಮೆಟ್ಟಿಲು ಇದ್ದೇ ಇರುತ್ತವೆ.

ಬೆಲೆಯ ಮಾತು. ಎರಡೂವರೆ ಸಾವಿರದಿಂದ ಐದು ಸಾವಿರದೊಳಗೆ ಇಲ್ಲಿಗೆ ಬೇಕಾದ ತಗ್ಗು ಶೂ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಬಹುಪಾಲು ಹಿಮಕ್ಕೆ, ಮಳೆಗೆ ಕೊಡುವ ದುಡ್ಡು. ಅಷ್ಟೂ ಕೈಯಲ್ಲಿಲ್ಲದವರಿಗೆ ಸೈನಿಕರ ಕಾಡುಬೂಟಿನ ಮಾದರಿಯ ಕ್ಯಾನ್ವಾಸಿನ ಹಂಟರ್ ಶೂ ಇದೆ. ನೋಡಲು ಚೆಂದವಿಲ್ಲ, ಒಳಗೆ ಮೆತ್ತೆಯಿಲ್ಲ, ರಬ್ಬರ್ ಚೆನ್ನಾಗಿ ಹಿಡಿಯುತ್ತದೆ. ಮೊದಲ ನಾಲ್ಕು ನಡಿಗೆಗೆ ನಾನು ಅದನ್ನೇ ಸೂಚಿಸುತ್ತೇನೆ. ಗುಡ್ಡದ ಹುಚ್ಚು ಉಳಿಯುತ್ತದೋ ಇಲ್ಲವೋ ಎಂದು ಗೊತ್ತಾದ ಮೇಲೆ ದುಡ್ಡು ಹಾಕಬಹುದು.

ತಂದ ಶೂವನ್ನು ನೇರವಾಗಿ ಗುಡ್ಡಕ್ಕೆ ಒಯ್ಯಬೇಡಿ. ಒಂದು ವಾರ ಬಳ್ಳಾರಿ ಕೋಟೆಯ ಮೆಟ್ಟಿಲು ಹತ್ತಿ ಇಳಿದರೆ ಎಲ್ಲಿ ಕಚ್ಚುತ್ತದೆ ಎಂದು ಶೂವೇ ಹೇಳುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಮೊಣಕಾಲಿಗೆ ಒಳ್ಳೆಯ ಅಭ್ಯಾಸ, ಆದರೆ ಅಲ್ಲಿ ಪಾದರಕ್ಷೆ ಕೆಳಗೇ ಬಿಡಬೇಕಾದ್ದರಿಂದ ಶೂವಿನ ಪರೀಕ್ಷೆಗೆ ಪ್ರಯೋಜನವಿಲ್ಲ.

ಗುಳ್ಳೆಗೆ ಕಾರಣ ಉಜ್ಜುವಿಕೆ, ಬಿಸಿ ಮತ್ತು ತೇವ, ಮೂರೂ ಸೇರಿ. ಹತ್ತಿಯ ಸಾಕ್ಸ್ ಬೆವರು ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಉಣ್ಣೆ ಬೆರೆತದ್ದು ವಾಸಿ. ಇಳಿಯುವ ಮೊದಲು ಒಮ್ಮೆ ಕುಳಿತು ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಮೇಲಿನ ಎರಡು ತೂತುಗಳನ್ನು ಬಿಗಿಯಾಗಿ ಕಟ್ಟಿದರೆ ಪಾದ ಮುಂದಕ್ಕೆ ಓಡುವುದಿಲ್ಲ. ಜೀನ್ಸ್ ಹೊಲಿಯುವ ಊರಿನವನಾಗಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಜೀನ್ಸ್ ಮನೆಯಲ್ಲಿರಲಿ. ಬೆವರಿಗೆ ಭಾರವಾಗುತ್ತದೆ, ಮೊಣಕಾಲು ಎತ್ತಲು ಬಿಡುವುದಿಲ್ಲ.

ಗುಂಪು ಎಂದರೆ ಕೊನೆಯವರು

ಗುಂಪಿನಲ್ಲಿ ನಡೆಯಲು ಆರಂಭಿಸಿದಾಗ ನಮ್ಮದು ಎಲ್ಲರೂ ಮಾಡುವ ತಪ್ಪೇ. ಗಟ್ಟಿಮುಟ್ಟಾದ ನಾಲ್ವರು ಮುಂದೆ ಹೋಗಿ ನೆರಳಲ್ಲಿ ಕುಳಿತು ಕಾಯುತ್ತಿದ್ದರು. ಕೊನೆಯವರು ಏದುಸಿರು ಬಿಡುತ್ತ ಬಂದು ಮುಟ್ಟಿದ ಕೂಡಲೇ "ಬಂದರು, ನಡೆಯಿರಿ" ಎಂದು ಏಳುತ್ತಿದ್ದರು. ಹೀಗಾಗಿ ದಣಿಯದವರಿಗೆ ಹತ್ತು ನಿಮಿಷ ವಿಶ್ರಾಂತಿ, ದಣಿದವರಿಗೆ ಒಂದೂ ಇಲ್ಲ. ದಣಿದ ತೊಡೆಯ ಸ್ನಾಯುವೇ ಇಳಿಯುವಾಗ ಕೈಕೊಡುವುದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಎಳೆಯಲ್ಪಡುತ್ತಲೇ ಬ್ರೇಕ್ ಹಿಡಿಯಬೇಕು. ಈ ಎರಡನೆಯ ಕೆಲಸದಲ್ಲಿ ನಾರುಗಳು ಹೆಚ್ಚು ಜಖಂಗೊಳ್ಳುತ್ತವೆ. ಭಾನುವಾರ ಇಳಿದವರು ಮಂಗಳವಾರ ಮೆಟ್ಟಿಲಿಳಿಯುವಾಗ ಅಯ್ಯೋ ಎನ್ನುವುದು ಅದಕ್ಕೆ.

ಈಗ ನಮ್ಮಲ್ಲಿ ಎಲ್ಲರಿಗಿಂತ ನಿಧಾನದವರು ಎರಡನೆಯ ಸ್ಥಾನದಲ್ಲಿ ನಡೆಯುತ್ತಾರೆ, ದಾರಿ ಬಲ್ಲವರೊಬ್ಬರು ಅವರ ಮುಂದೆ, ಇನ್ನೊಬ್ಬರು ಎಲ್ಲರ ಹಿಂದೆ. ಆ ಕೊನೆಯವರಿಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ. ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಎರಡು ಗುಂಪು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮುಂಚೆಯೇ ಒಬ್ಬರಿಗಾದರೂ ತಿಳಿಸಿರಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಗುಳ್ಳೆ ಎದ್ದದ್ದು ಗೊತ್ತಾಗದೆ ಹುಣ್ಣಾಗುತ್ತದೆ. ಅವರು ಪ್ರತಿ ಗಂಟೆಗೊಮ್ಮೆ ಸಾಕ್ಸ್ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ಹೊತ್ತಿನ ಅಂದಾಜಿಗೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇನ್ನೂ ಬಳಕೆಯಲ್ಲಿದೆ. ಸುಮಾರಾಗಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 100 ಮೀಟರ್ ಎತ್ತರಕ್ಕೆ ಹತ್ತು ನಿಮಿಷ. ಹೋಗಿ ಬರಲು ಆರು ಕಿಲೋಮೀಟರ್, 200 ಮೀಟರ್ ಏರು ಎಂದುಕೊಳ್ಳಿ: 72 ನಿಮಿಷಕ್ಕೆ 20 ಸೇರಿಸಿದರೆ ಒಂದೂವರೆ ಗಂಟೆ. ಆದರೆ ಆತ ಲೆಕ್ಕ ಹಾಕಿದ್ದು ತಂಪು ನಾಡಿನ ಗಟ್ಟಿಗರಿಗೆ. ಗುಂಡುಗಳ ನಡುವೆ ನುಸುಳುವ, ಫೋಟೊ ತೆಗೆಯುವ, ನೀರು ಕುಡಿಯುವ ನಮ್ಮವರಿಗೆ ಅದನ್ನು ಇಮ್ಮಡಿ ಮಾಡಬೇಕು, ಮೂರು ಗಂಟೆ. ಆರು ಗಂಟೆಗೆ ಹೊರಟರೆ ಒಂಬತ್ತಕ್ಕೆ ಕೆಳಗೆ, ಬಂಡೆ ಕಾಯುವ ಮೊದಲು. ಏಳೂವರೆಗೆ ಹೊರಟರೆ ಇಳಿಯುವುದು ಕಾವಲಿಯ ಮೇಲೆ. ನವೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಗುಡ್ಡಕ್ಕೆ ಹೋಗುವುದು ಧೈರ್ಯವಲ್ಲ. ನೀರು ಗಂಟೆಗೆ ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ, ಜೊತೆಗೆ ಒಆರ್‌ಎಸ್ ಪೊಟ್ಟಣ, ಶೇಂಗಾ ಚಿಕ್ಕಿ, ಕಟಕ್ ರೊಟ್ಟಿ. ವಗ್ಗರಣೆ ಮಿರ್ಚಿ ಇಳಿದ ಮೇಲೆ.

ಇದು ಕರಡಿ, ಚಿರತೆಗಳ ಸೀಮೆ ಎಂಬುದನ್ನು ಮರೆಯುವಂತಿಲ್ಲ. ದರೋಜಿ ಕರಡಿಧಾಮ 1994ರಿಂದ ಪಕ್ಕದಲ್ಲೇ ಇದೆ, ಕರಡಿಗೆ ಧಾಮದ ಗಡಿ ಗೊತ್ತಿಲ್ಲ. ಹುತ್ತ ಬಗೆಯುವುದರಲ್ಲಿ ಮುಳುಗಿದ ಕರಡಿಗೆ ನಾವು ಹತ್ತಿರ ಬಂದದ್ದು ತಿಳಿಯದೆ, ಬೆಚ್ಚಿ ಮೇಲೆರಗುತ್ತದೆ. ಆದ್ದರಿಂದ ಸಾಧಾರಣ ದನಿಯಲ್ಲಿ ಮಾತಾಡುತ್ತ ನಡೆಯುವುದು ಕ್ಷೇಮ. ಸ್ಪೀಕರಿನ ಹಾಡು ಬೇಡ. ಅದರಲ್ಲಿ ಜೊತೆಗಾರನ ಕೂಗೂ ಕೇಳದು. ಬಂಡೆಯ ಹೆಜ್ಜೇನಿನ ಹತ್ತಿರ ಹೊಗೆ, ಅತ್ತರು, ಗಲಾಟೆ ಯಾವುದೂ ಬೇಡ. ಬಿರುಕಿನೊಳಗೆ ಕಣ್ಣಿಟ್ಟ ಮೇಲೆಯೇ ಕೈ. ಗುಂಡುಗಳ ನಡುವೆ ಮೊಬೈಲ್ ಸದ್ದು ಮಾಡದಿದ್ದಾಗ ಕೊರಳಲ್ಲೊಂದು ಸೀಟಿ ಇರಲಿ: ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಆಪತ್ತಿನ ಕರೆ, ಮೂರು ಬಾರಿ ಊದಿದರೆ ಉತ್ತರ. ಸಂಪರ್ಕ ಸಿಕ್ಕಲ್ಲಿ 112. ಅರಣ್ಯದ ಜಾಗವಾದರೆ ಅನುಮತಿ ಪಡೆದೇ ಹೋಗಬೇಕು.

ಹಿರೇಬೆಣಕಲ್ಲಿನಲ್ಲಿ ಎರಡು ಮೂರು ಸಾವಿರ ವರ್ಷ ಹಿಂದಿನ ಸುಮಾರು ನಾನೂರು ಕಲ್ಮನೆಗಳಿವೆ, ಅಂದರೆ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಸಮಾಧಿ ಸ್ಮಾರಕಗಳು. ಚಪ್ಪಡಿಯ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರನ್ನು ನಮ್ಮ ಗುಂಪು ಎರಡನೆಯ ಸಲ ಕರೆಯುವುದಿಲ್ಲ. ಕಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ನಾದ ಹೊರಡುವ ಕರಿಯ ಡಾಲರೈಟ್ ಬಂಡೆಗಳಿವೆ, ಅವುಗಳ ಮೇಲೆ ನವಶಿಲಾಯುಗದವರು ಕುಟ್ಟಿ ಬಿಡಿಸಿದ ಎತ್ತುಗಳಿವೆ. ಅಲ್ಲಿ ಊರುಗೋಲಿನ ಕಬ್ಬಿಣದ ತುದಿಗೆ ರಬ್ಬರ್ ಟೊಪ್ಪಿಗೆ ಹಾಕಿಕೊಳ್ಳಿ.

ಶೂ ಸಾಯುವ ಬಗೆ

ನಮ್ಮಲ್ಲಿ ಶೂ ಸವೆದು ಸಾಯುವುದಕ್ಕಿಂತ ಬೆಂದು ಸಾಯುವುದು ಹೆಚ್ಚು. ಮಹಡಿಯ ಮೇಲೆ ಬಿಸಿಲಿಗಿಟ್ಟರೆ, ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಅಟ್ಟೆಯ ಅಂಟು ಮೆತ್ತಗಾಗಿ ತುದಿ ಬಾಯಿ ಬಿಡುತ್ತದೆ. ತೊಳೆದ ಶೂ ನೆರಳಲ್ಲಿ, ಒಳಗೆ ಪತ್ರಿಕೆ ತುರುಕಿಸಿಕೊಂಡು ಒಣಗಬೇಕು. ಬಳಸದೆ ಇಟ್ಟರೂ ಉಳಿಯುತ್ತದೆ ಎಂದಲ್ಲ. ನಡುವಿನ ಪದರ ಪಾಲಿಯುರಿಥೇನಿನದಾದರೆ ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತದೆ. ಐದಾರು ವರ್ಷ ಡಬ್ಬಿಯಲ್ಲಿದ್ದ ಹೊಸ ಬೂಟಿನ ಅಟ್ಟೆ ಮೊದಲ ನಡಿಗೆಯಲ್ಲೇ ಹಳೆಯ ಬ್ರೆಡ್ಡಿನಂತೆ ಉದುರುವುದುಂಟು. ಇವಿಎ ಉದುರುವುದಿಲ್ಲ, ಚಪ್ಪಟೆಯಾಗುತ್ತದೆ. ಹೆಬ್ಬೆರಳಿನಿಂದ ಬದಿಯನ್ನು ಒತ್ತಿದಾಗ ಮರಳಿ ಏಳದೆ ಸುಕ್ಕು ಉಳಿದರೆ ಅದರ ಕಥೆ ಮುಗಿಯಿತು. ಹಿಮ್ಮಡಿಯ ಹೊರ ಅಂಚಿನ ಹಲ್ಲು ಪೂರ್ತಿ ಸವೆದಿದ್ದರೂ ಅಷ್ಟೆ, ಅದನ್ನು ಮೈದಾನಕ್ಕೆ ಇಳಿಸಿ.

ನನ್ನ ಎರಡನೆಯ ಜೊತೆ, ತಗ್ಗಿನದು, ಕಳೆದ ಮೇ ತಿಂಗಳಲ್ಲಿ ಮಹಡಿಯ ಬಿಸಿಲಿಗೆ ಮುಂದೆ ಬಾಯಿ ಬಿಟ್ಟಿತು. ಪಾದಚಾರಿ ದಾರಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರೊಬ್ಬರು ಅಂಟು ಹಚ್ಚಿ, ಸುತ್ತಲೂ ನೈಲಾನ್ ದಾರದಿಂದ ಹೊಲಿದುಕೊಟ್ಟರು. ಕೊಡುವ ಮೊದಲು ಅಟ್ಟೆಯೊಳಗಿಂದ ಇಕ್ಕಳದಲ್ಲಿ ಮೂರು ಜಾಲಿ ಮುಳ್ಳು ಕಿತ್ತು ಪತ್ರಿಕೆಯ ಮೇಲೆ ಸಾಲಾಗಿಟ್ಟು, "ಯಾವ ಗುಡ್ಡ ಸರ?" ಎಂದು ಕೇಳಿದರು.